ಎದೆಯ ಕಫ ತೆಗೆಯಲು ನಾನು ಕಲಿತ ದಾರಿ

ಮೂರು ಬಣ್ಣದ ಚೆಂಡುಗಳಿರುವ ಆ ಪ್ಲಾಸ್ಟಿಕ್ ಸಾಧನದಲ್ಲಿ ನಾನು 6 ತಿಂಗಳು ಬಿಡದೆ ಉಸಿರು ಎಳೆದೆ. ಬೆಳಗ್ಗೆ 10 ಸಲ, ಸಂಜೆ 10 ಸಲ. ಮೂರೂ ಚೆಂಡು ಮೇಲೇರಿದರೆ ಎದೆ ಚೊಕ್ಕ ಆಯಿತು ಅಂತ ತಿಳಿದಿದ್ದೆ. ಕಫ ಮಾತ್ರ ಇದ್ದಲ್ಲೇ ಇತ್ತು. ರಾತ್ರಿ ಬಲಕ್ಕೆ ಹೊರಳಿದರೆ ಸಾಕು, ಗೊರಗೊರ ಅಂತ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಹಾಗಾಗಿ ವರ್ಷಗಟ್ಟಲೆ ಎಡಕ್ಕೇ ಮಲಗಿದೆ.

ಬಾಗಲಕೋಟೆಯ ನವನಗರದಲ್ಲಿ ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುವುದೇ ಜಾಸ್ತಿ. ಚಿಕ್ಕವಳಿದ್ದಾಗ ದಡಾರ ಬಂದು, ಅದರ ಹಿಂದೆಯೇ ನ್ಯುಮೋನಿಯಾ ಆಗಿತ್ತಂತೆ. ಅವ್ವ ಹೇಳುತ್ತಿದ್ದಳು. ಅದರ ಗುರುತು ಎಡ ಪುಪ್ಪುಸದ ಕೆಳಭಾಗದಲ್ಲಿ ಉಳಿದಿದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸಿದಾಗ. ಬ್ರಾಂಕಿಯೆಕ್ಟಾಸಿಸ್ ಅಂದರು. ಲಂಗದ ನಡುವಿನ ಇಲಾಸ್ಟಿಕ್ ಸಡಿಲಾದರೆ ಮತ್ತೆ ಬಿಗಿಯಾಗುವುದಿಲ್ಲ, ಅಲ್ವಾ? ನನ್ನ ಉಸಿರಿನ ಕೊಳವೆಗಳೂ ಒಂದು ಕಡೆ ಹಾಗೆ ಅಗಲವಾಗಿವೆ. ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ಕೂದಲು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ರೋಗಾಣು ಬೆಳೆಯುತ್ತವೆ, ಅದರಿಂದ ಕೊಳವೆ ಮತ್ತಷ್ಟು ಕೆಡುತ್ತದೆ. ಆದ್ದರಿಂದ ದಿನಾ ನಾವೇ ಅದನ್ನು ಹೊರಗೆ ತೆಗೆಯಬೇಕು.

ಬೆಳಗಾವಿಯಲ್ಲಿ ತಮ್ಮನ ಮನೆಗೆ ಹೋದಾಗ ಅಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಚೆಂಡಿನ ಸಾಧನ ತೋರಿಸಿದೆ. ಆಕೆ ಹೇಳಿದ್ದು ಇಷ್ಟೇ: "ಅಕ್ಕಾರ, ಇದು ಉಸಿರು ಒಳಗ ಎಳಿಯೂದಕ್ಕ ಐತ್ರಿ. ಕಫ ಹೊರಗ ಬರೂದು ಉಸಿರು ಬಿಡೂವಾಗ." ಆಪರೇಷನ್ ಆದವರಿಗೆ ಪುಪ್ಪುಸ ಚೆನ್ನಾಗಿ ಅರಳಲಿ ಅಂತ ಕೊಡುವ ಸಾಧನ ಅದು. ಔಷಧ ಅಂಗಡಿಯಲ್ಲಿ 'ಉಸಿರಿನ ಸಾಧನ' ಅಂತ ಕೇಳಿದರೆ ಮೊದಲು ಕೈಗೆ ಬರುವುದು ಅದೇ. ದಯವಿಟ್ಟು ಕೊಳ್ಳುವ ಮುಂಚೆ ಇದೊಂದನ್ನು ಕೇಳಿ: ಇದು ಎಳೆಯುವುದೋ, ಊದುವುದೋ?

ಬಲಕ್ಕೆ ಮಲಗಿದರೆ ಕೆಮ್ಮು ಬರುವುದನ್ನೂ ಹೇಳಿದೆ. ಆಕೆಯ ಮುಖ ಅರಳಿತು. ಕೆಟ್ಟ ಭಾಗ ಎಡಗಡೆ ಇದೆ. ಬಲಕ್ಕೆ ಮಲಗಿದರೆ ಅದು ಮೇಲಾಗುತ್ತದೆ, ಕಫ ತಾನಾಗಿ ಇಳಿದು ದೊಡ್ಡ ಕೊಳವೆಗೆ ಬರುತ್ತದೆ. ನಾನು ಇಷ್ಟು ವರ್ಷ ತಪ್ಪಿಸುತ್ತಿದ್ದದ್ದೇ ನನಗೆ ಬೇಕಾದ ಮಗ್ಗಲು! ತಲೆ ಕೆಳಗೆ ಮಾಡಿ ಮಲಗುವ ಹಳೆಯ ಪದ್ಧತಿಯನ್ನು ನನಗೆ ಬೇಡ ಅಂದರು. ನನಗೆ ಎದೆಯುರಿ ಇದೆ. ಹಾಗೆ ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತದೆ.

ಮೊದಲ ಎರಡು ವಾರ ಯಾವ ಸಾಧನವೂ ಇರಲಿಲ್ಲ. ಉಸಿರಾಟವನ್ನಷ್ಟೇ ಕಲಿಸಿದರು. ಬಲಕ್ಕೆ ಮಲಗಿ, ಹೆಗಲು ಸಡಿಲ ಬಿಟ್ಟು, ಹೊಟ್ಟೆ ಮೆಲ್ಲಗೆ ಏರಿಳಿಯುವಂತೆ ಸುಮ್ನೆ ಉಸಿರಾಡಬೇಕು. ಆಮೇಲೆ 3 ಅಥವಾ 4 ಆಳವಾದ ಉಸಿರು, ಪ್ರತಿ ಸಲ 3 ಸೆಕೆಂಡು ತಡೆದು ಮೆಲ್ಲಗೆ ಬಿಡುವುದು. ತಡೆದಾಗ ಗಾಳಿ ಪಕ್ಕದ ಸಂದಿಗಳಿಂದ ನುಸುಳಿ ಕಫದ ಹಿಂದೆ ಹೋಗುತ್ತದೆ. ಮತ್ತೆ ಸಾವಕಾಶ ಉಸಿರು. ಕೊನೆಗೆ ಹಫ್.

ಈ ಹಫ್ ಕಲಿಯಲು ನನಗೆ ಬಹಳ ಹೊತ್ತು ಹಿಡಿಯಿತು. ನಾನು ಗಂಟಲಿನಿಂದ ಕ್ಯಾಕರಿಸುತ್ತಿದ್ದೆ. ಆಗ ಆಕೆ ನನ್ನ ಕನ್ನಡಕ ತೆಗೆದು ನನ್ನ ಕೈಗೇ ಕೊಟ್ಟರು. "ಒರೆಸೂ ಮುಂಚೆ ಹಬಿ ಬಿಡ್ತೀರಲ್ರಿ, ಹಂಗ." ಬಾಯಿ ತೆರೆದು, ಗಂಟಲು ತೆರೆದು, ಹೊಟ್ಟೆಯಿಂದ 'ಹಾ...' ಅಂತ ಬಿಡುವುದು. ಇದು ಕೆಮ್ಮಲ್ಲ. ಕೆಮ್ಮುವಾಗ ಗಂಟಲು ಮುಚ್ಚಿ ಒಮ್ಮೆಲೇ ಸಿಡಿಯುತ್ತದೆ, ಸಡಿಲಾದ ಕೊಳವೆ ಆ ಒತ್ತಡಕ್ಕೆ ಕುಸಿದು ಕಫ ಒಳಗೇ ಸಿಕ್ಕಿಕೊಳ್ಳುತ್ತದೆ. ಕಫ ಆಳದಲ್ಲಿದ್ದರೆ ಅರ್ಧ ಉಸಿರು ತೆಗೆದುಕೊಂಡು ಉದ್ದನೆಯ ಹಫ್. ಅದು ಮೇಲೆ ಬಂದು ಗುರುಗುಟ್ಟಿದ ಮೇಲೆ ತುಂಬು ಉಸಿರು ತೆಗೆದುಕೊಂಡು ಚಿಕ್ಕ, ಜೋರು ಹಫ್. ಒಂದೋ ಎರಡೋ, ಅಷ್ಟೇ. ಮತ್ತೆ ಸಾವಕಾಶ ಉಸಿರಿಗೆ ಬರಬೇಕು, ಇಲ್ಲದಿದ್ದರೆ ಎದೆ ಬಿಗಿಯುತ್ತದೆ. ಮೂರನೇ ದಿನ, ಅರ್ಧ ಗಂಟೆ ಕೆಮ್ಮಿದರೂ ಬಾರದ ಕಫ ಎರಡೇ ಹಫ್‌ಗೆ ಬಂದಿತು. ನಾನು ಅತ್ತೇಬಿಟ್ಟೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕೆಮ್ಮಿದರೆ ಎರಡು ಹನಿ ಮೂತ್ರ ಹೋಗುವುದು ನಮ್ಮಲ್ಲಿ ಬಹಳ ಮಂದಿಗಿದೆ, ಯಾರೂ ಬಾಯಿ ಬಿಡುವುದಿಲ್ಲ. ನಾನು ಆ ನಾಚಿಕೆಗೇ ಎಷ್ಟೋ ದಿನ ಕಫ ತೆಗೆಯದೆ ಬಿಟ್ಟಿದ್ದೇನೆ. ಹಫ್ ಮಾಡುವ ಮುಂಚೆ ಮೂತ್ರ ತಡೆಯುವಂತೆ ಕೆಳಗಿನ ಸ್ನಾಯು ಬಿಗಿ ಹಿಡಿಯಿರಿ. ದಿನಾ ಮಾಡಿದರೆ ಅಭ್ಯಾಸವಾಗುತ್ತದೆ. ಡಾಕ್ಟರ ಮುಂದೆ ಹೇಳಲೂ ಹಿಂಜರಿಯಬೇಡಿ.

ಎರಡು ವಾರದ ಮೇಲೆ ಬಾಟಲಿ ಬಂತು. ಒಂದು ಲೀಟರ್ ಬಾಟಲಿ, ನೀರು, ಒಂದು ಪೈಪು. ಪೈಪಿನ ತುದಿ ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿರಬೇಕು. ನನ್ನ ಹೊಲಿಗೆ ಟೇಪಿನಲ್ಲಿ 4 ಇಂಚು. ಮೂಗಿನಿಂದ ಉಸಿರು ತೆಗೆದುಕೊಂಡು ಪೈಪಿನಲ್ಲಿ ಸಾವಕಾಶ ಊದಿದರೆ ಗುಳ್ಳೆ ಏಳುತ್ತವೆ. ಆ ನೀರಿನ ಒತ್ತಡ ಒಳಗಿನ ಕೊಳವೆಗಳನ್ನು ತೆರೆದಿಡುತ್ತದೆ, ಗುಳ್ಳೆಯ ನಡುಕ ಕಫವನ್ನು ಅಲುಗಿಸುತ್ತದೆ. 10 ಸಲ ಊದಿ, ಆಮೇಲೆ ಹಫ್. ಊರಿಗೆ ಬಂದು ನಾನೇ ಮಾಡಿಕೊಂಡಾಗ ತಪ್ಪು ಮಾಡಿದೆ. ಮನೆಯಲ್ಲಿದ್ದ ಸಲೈನ್ ಪೈಪು ಹಾಕಿದೆ. ನಾಲ್ಕು ಸಲ ಊದುವಷ್ಟರಲ್ಲಿ ತಲೆ ತಿರುಗಿತು. ಫೋನ್ ಮಾಡಿ ಕೇಳಿದೆ. ಪೈಪು ಸಣ್ಣದಾದರೆ ನೀರಿನ ಒತ್ತಡದ ಮೇಲೆ ಪೈಪಿನ ಒತ್ತಡವೂ ಸೇರುತ್ತದಂತೆ. ಒಳಗಿನ ಅಗಲ ಒಂದು ಸೆಂಟಿಮೀಟರ್ ಇರುವ ಪೈಪು ಹಾಕಿದ ಮೇಲೆ ಸರಿಹೋಯಿತು. ಬಾಟಲಿಯ ಬಾಯಿ ಮುಚ್ಚಬಾರದು, ಪೈಪಿನಿಂದ ಉಸಿರು ಎಳೆಯಲೇಬಾರದು, ನೀರು ದಿನಾ ಬದಲಿಸಬೇಕು.

ದುಡ್ಡು ಕೊಟ್ಟು ಕೊಂಡ ಸಾಧನಕ್ಕೆ ಬಂದದ್ದು ಇದೆಲ್ಲ ಆದ ಮೇಲೆ. ಮೊದಲು ಫ್ಲಟರ್ ಅನ್ನುವ ಊದುವ ಸಾಧನ ನೋಡಿದೆ. ತಂಬಾಕು ಸೇದುವ ಪೈಪಿನಂತಿದೆ, ಒಳಗೆ ಉಕ್ಕಿನ ಗುಂಡು. ಊದಿದರೆ ಗುಂಡು ಕುಣಿದು ಎದೆ ನಡುಗುತ್ತದೆ. ಆದರೆ ಅದನ್ನು ಸರಿಯಾದ ಕೋನದಲ್ಲೇ ಹಿಡಿಯಬೇಕು, ಮಗ್ಗಲಾಗಿ ಮಲಗಿದರೆ ನನಗೆ ಕೋನ ಸಿಗಲಿಲ್ಲ. ಅಕಾಪೆಲ್ಲಾ ಅನ್ನುವ ಇನ್ನೊಂದು ಸಾಧನದಲ್ಲಿ ಗುಂಡಿನ ಬದಲು ಅಯಸ್ಕಾಂತ ಇದೆ, ಹೇಗೆ ಹಿಡಿದರೂ ನಡುಗುತ್ತದೆ. ನಾನು ಅದನ್ನೇ ಆರಿಸಿದೆ, ಅದರಲ್ಲೂ ಬಿಚ್ಚಿ ತೊಳೆಯಲು ಬರುವ ಮಾದರಿಯನ್ನು. ಊದುವುದು 3–4 ಸೆಕೆಂಡು ಉಳಿಯುವಂತೆ ಡಯಲ್ ತಿರುಗಿಸಿಕೊಳ್ಳುತ್ತೇನೆ. ಗಲ್ಲ ಉಬ್ಬಬಾರದು, ಉಬ್ಬಿದರೆ ನಡುಕವೆಲ್ಲ ಗಲ್ಲದಲ್ಲೇ ಹೋಗುತ್ತದೆ. ಎದೆಗೆ ಕಟ್ಟಿಕೊಳ್ಳುವ ನಡುಗುವ ಜಾಕೆಟ್ಟೂ ಇದೆ. ಅದಕ್ಕೆ ದುಡ್ಡು ಬಹಳ, ಕರೆಂಟೂ ಬೇಕು. ಕೈಯಲ್ಲಿ ಸಾಧನ ಹಿಡಿಯಲು ಆಗದವರಿಗೆ ಅದು ಬೇಕಾಗಬಹುದು. ನನಗೆ ಬೇಕಾಗಲಿಲ್ಲ.

ದಿನದ ಕ್ರಮ ಹೀಗಿದೆ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ, ಸಂಜೆ ಊಟಕ್ಕೆ ಮುಂಚೆ. ಮೊದಲು ಕೊಳವೆ ಹಿಗ್ಗಿಸುವ ಇನ್‌ಹೇಲರ್ ಪಂಪು, 15 ನಿಮಿಷ ಬಿಟ್ಟು ನೆಬ್ಯುಲೈಸರ್‌ನಲ್ಲಿ ಡಾಕ್ಟರು ಬರೆದ 3 ಪರ್ಸೆಂಟ್ ಉಪ್ಪುನೀರು, ಆಮೇಲೆ ಕಫ ತೆಗೆಯುವುದು. ಉಸಿರಿನಲ್ಲಿ ಎಳೆಯುವ ಸ್ಟೀರಾಯ್ಡ್ ಇದ್ದರೆ ಕೊನೆಗೆ. ಕಫ ಹೋದ ಮೇಲೆ ತಾನೇ ಔಷಧ ಒಳಗೆ ತಲುಪುವುದು. ಉಪ್ಪುನೀರನ್ನು ಮೊದಲ ಸಲ ಮನೆಯಲ್ಲಿ ತೆಗೆದುಕೊಳ್ಳಬೇಡಿ. ಕೆಲವರಿಗೆ ಎದೆ ಬಿಗಿಯುತ್ತದೆ, ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ. ತೊಳೆಯುವುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಬಿಸಿನೀರು, ಸೋಪು, ಕೊನೆಗೆ ಕುದಿಸಿ ಆರಿಸಿದ ನೀರು, ಆಮೇಲೆ ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸುವುದು. ಹಸಿ ಉಳಿದ ಸಾಧನದಿಂದ ರೋಗಾಣುವನ್ನು ಮತ್ತೆ ಎದೆಗೆ ಕಳಿಸಿದಂತಾಗುತ್ತದೆ.

ಕಫದಲ್ಲಿ ರಕ್ತ ಕಂಡರೆ ಊದುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗುತ್ತೇನೆ. ಹಿಂದೆ ಯಾವಾಗಲಾದರೂ ಪುಪ್ಪುಸದ ಸುತ್ತ ಗಾಳಿ ತುಂಬಿಕೊಂಡಿದ್ದವರು ಡಾಕ್ಟರನ್ನು ಕೇಳದೆ ಯಾವುದನ್ನೂ ಊದಬಾರದು. ಬಣ್ಣ ಹಸಿರಾಗಿ, ದಪ್ಪವಾಗಿ, ಜಾಸ್ತಿ ಬರತೊಡಗಿದರೆ ಎರಡು ಸಲದ ಬದಲು ಮೂರು ಸಲ ಮಾಡುತ್ತೇನೆ, ಅದೇ ದಿನ ಫೋನ್ ಮಾಡುತ್ತೇನೆ.

ಹೋದ ವರ್ಷ ಜಮಖಂಡಿಯಲ್ಲಿ ಅಣ್ಣನ ಮಗಳ ಮದುವೆ. ಗಡಿಬಿಡಿಯಲ್ಲಿ ಅಕಾಪೆಲ್ಲಾ ಮನೆಯಲ್ಲೇ ಉಳಿಯಿತು. ಮನೆ ತುಂಬ ಬೀಗರು. ಜೋಳದ ಚೀಲ ಇಟ್ಟ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಬಲಕ್ಕೆ ಮಲಗಿದೆ. ಬರೀ ಉಸಿರು, ಬರೀ ಹಫ್, 20 ನಿಮಿಷ. "ಅತ್ತಿ ಮಲಗ್ಯಾಳ, ಹೊರಗ ನಡೀರಿ" ಅಂತ ವೈನಿ ಬಾಗಿಲಲ್ಲಿ ನಿಂತು ಹುಡುಗರನ್ನು ಕಳಿಸುತ್ತಿದ್ದರು. ಅಕ್ಕಿಕಾಳು ಬೀಳುವಾಗ ನಾನು ಚಪ್ಪರದ ಮುಂದಿನ ಸಾಲಿನಲ್ಲಿದ್ದೆ, ಒಂದು ಸಲವೂ ಕೆಮ್ಮಲಿಲ್ಲ.