ಪಂಚಾಯಿತಿ ದುಡ್ಡಿನಲ್ಲಿ ನಮ್ಮ ಶಾಲೆಗೆ ಆಪ್ತಸಮಾಲೋಚಕಿ ಬಂದ ಬಗೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು, ಇವೆಲ್ಲ ಅದರಲ್ಲಿವೆ. ಆಪ್ತಸಮಾಲೋಚಕರ ಮಾತು ಮಾತ್ರ ಇಲ್ಲ. ಅಲ್ಲಿಲ್ಲ ಅಂದಮೇಲೆ ಮಂಜೂರಾದ ಹುದ್ದೆಯೂ ಇಲ್ಲ, ಸಂಬಳ ಕೊಡಲು ಲೆಕ್ಕಶೀರ್ಷಿಕೆಯೂ ಇಲ್ಲ. ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯಾಗಿ ನಾನು ಈ ಕೆಲಸಕ್ಕೆ ಕೈ ಹಾಕಿದಾಗ ಇದ್ದ ಸ್ಥಿತಿ ಇದು.

ಯಾಕೆ ಬೇಕಿತ್ತು ಅನ್ನುವುದನ್ನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಮಕ್ಕಳು ಅಜ್ಜಿ ಮನೆಯಲ್ಲಿ ಉಳಿದಿರುತ್ತವೆ, ಕೆಲವು ಮನೆಗಳಲ್ಲಿ ಕುಡಿತ. ಯಾವ ಮಗುವಿನ ಕಥೆಯನ್ನೂ ಇಲ್ಲಿ ಬರೆಯುವುದಿಲ್ಲ.

ಸರ್ಕಾರದಲ್ಲಿ ಏನೂ ಇಲ್ಲ ಎಂದಲ್ಲ. ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅವರ ನಮೂನೆಯಲ್ಲಿ ಕಣ್ಣು, ಹಲ್ಲು, ರಕ್ತಹೀನತೆಯ ಜೊತೆಗೆ ಕಲಿಕಾ ನ್ಯೂನತೆಯೂ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಹದಿಹರೆಯದವರ ಸ್ನೇಹಾ ಕ್ಲಿನಿಕ್ 10ರಿಂದ 19 ವರ್ಷದವರಿಗೆ, ಹಾಗಾಗಿ ಮೂರನೇ ತರಗತಿಯ ಮಗು ಅದರ ವ್ಯಾಪ್ತಿಗೆ ಬರುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಮನೋಚೈತನ್ಯ ಎಂಬ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್‌ನ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಣಬಹುದು. 2022ರಿಂದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಇದೆ. ಕೊನೆಯ ಎರಡನ್ನೂ ನಾವು ಚೆನ್ನಾಗಿಯೇ ಬಳಸಿಕೊಂಡಿದ್ದೇವೆ. ಆದರೆ ಆಸ್ಪತ್ರೆಗೆ ಕಳಿಸಬೇಕಾದ ಮಗು ಯಾವುದು, ಕೂತು ಮಾತಾಡಿದರೆ ಸಾಕಾಗುವ ಮಗು ಯಾವುದು ಎಂದು ಗುರುತಿಸಲು ಶಾಲೆಯೊಳಗೇ ವಾರವಾರ ಒಬ್ಬರು ಬರಬೇಕು. ಅದಕ್ಕೆ ದುಡ್ಡು ಬೇಕು.

ಮೊದಲು ನೋಡಿದ್ದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನವನ್ನು. ನೂರರಿಂದ ಇನ್ನೂರೈವತ್ತು ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಕನಿಷ್ಠ ಶೇ. 10 ಸ್ವಚ್ಛತೆಗೆ ಎಂದು ಮೊದಲೇ ತೆಗೆದಿಡಬೇಕು. ಕರೆಂಟ್ ಬಿಲ್ಲು, ಸೀಮೆಸುಣ್ಣ, ರಿಜಿಸ್ಟರ್, ಒಡೆದ ನಲ್ಲಿ ಎಲ್ಲ ಅದರಲ್ಲೇ. ಅದರಿಂದ ಒಬ್ಬರಿಗೆ ವರ್ಷವಿಡೀ ಗೌರವಧನ ಕೊಡುವ ಮಾತೇ ಇಲ್ಲ.

ಆಮೇಲೆ ಪಂಚಾಯಿತಿ. ಸಂವಿಧಾನದ ಹನ್ನೊಂದನೇ ಅನುಸೂಚಿಯ 17ನೇ ಬಾಬತ್ತೇ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳೂ ಸೇರಿದಂತೆ ಶಿಕ್ಷಣ. ಹಾಗಾದರೆ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದಿಂದ ಪಂಚಾಯಿತಿಗೆ ಬರುವ ಅನಿರ್ಬಂಧಿತ (ಇಂಥದ್ದಕ್ಕೇ ಎಂದು ಗೊತ್ತುಮಾಡದ) ಅನುದಾನದಿಂದ ಕೊಡಿ ಎಂದು ಕೇಳಿದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನಿಯಮ ತೆಗೆದು ತೋರಿಸಿದರು: ಆ ಹಣದಲ್ಲಿ ಸಂಬಳ, ಸಿಬ್ಬಂದಿ ವೆಚ್ಚ ಹಾಕುವಂತಿಲ್ಲ. "ಮೇಡಂ, ಕಾಂಪೌಂಡ್ ಕೇಳಿ, ನರೇಗಾದಲ್ಲಿ ಮಾಡಿಸ್ಕೊಡ್ತೀನಿ. ಜನಾನ ಕೇಳ್ಬೇಡಿ" ಅಂದರು. ಕೊಂಕು ಮಾತಲ್ಲ, ಇದ್ದದ್ದನ್ನೇ ಹೇಳಿದರು. ಗೋಡೆಗೆ ದುಡ್ಡಿರುತ್ತದೆ.

ದಾರಿ ತೋರಿಸಿದವರೂ ಅವರೇ. ಮನೆ ಕಂದಾಯ, ಮೊಬೈಲ್ ಟವರ್, ಕಲ್ಯಾಣ ಮಂಟಪದಿಂದ ಬರುವ ಸ್ವಂತ ತೆರಿಗೆ ಹಣಕ್ಕೆ ಆ ಕಟ್ಟು ಇಲ್ಲ, ಸಭೆಯ ಒಪ್ಪಿಗೆ ಮತ್ತು ಬಜೆಟ್ಟಿನಲ್ಲಿ ಬಾಬತ್ತು ಇರಬೇಕಷ್ಟೆ. ನಾವು ಹುದ್ದೆಯ ಮಾತೇ ಎತ್ತದೆ, ಭೇಟಿಗೆ ಇಷ್ಟು ಗೌರವಧನ ಎಂದು ಕೇಳಿದೆವು. ನಮ್ಮೊಂದೇ ಶಾಲೆಗಲ್ಲ, ಪಂಚಾಯಿತಿ ವ್ಯಾಪ್ತಿಯ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಸೇರಿಸಿ. ಬೇರೆ ಊರಿನ ಸದಸ್ಯರು ಒಪ್ಪಿ ಕೈ ಎತ್ತಿದ್ದು ಈ ಕಾರಣಕ್ಕೇ. ಅದಕ್ಕೂ ಮೊದಲು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಇದನ್ನು ಕೇಳಿದ್ದರು. ಸಾಮಾನ್ಯವಾಗಿ ಅಲ್ಲಿ ಶೌಚಾಲಯ, ಆಟದ ಸಾಮಾನು, ಬೀದಿದೀಪದ ಬೇಡಿಕೆ ಬರುತ್ತದೆ. "ಬೇಜಾರಾದಾಗ ಹೇಳ್ಕೊಳ್ಳೋಕೆ ಒಬ್ರು ಬೇಕು" ಎಂದು ಬರೆದ ಚೀಟಿಗಳೂ ಪೆಟ್ಟಿಗೆಯಲ್ಲಿದ್ದವು. ಅದು ಸಭೆಯ ನಡಾವಳಿ ಸೇರಿದ್ದು ಮುಂದೆ ಉಪಯೋಗಕ್ಕೆ ಬಂತು.

ಬಂದವರು ಹತ್ತಿರದ ಪಟ್ಟಣದ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದ ಹೆಣ್ಣುಮಗಳು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ವಿಷಯದವರು. ಬಸ್ ಚಾರ್ಜ್ ಸೇರಿ ಭೇಟಿಗೆ ಸಾವಿರ ರೂಪಾಯಿ. ಕಡಿಮೆ ಎಂದು ನನಗೂ ಗೊತ್ತು.

ದುಡ್ಡು ಸಿಕ್ಕಮೇಲೆ ನಿಜವಾದ ತೊಡಕು ಶುರುವಾಯಿತು, ಅದು ಕಾಗದದ್ದು. ಸಾರ್ವಜನಿಕ ಹಣ ಎಂದ ಮೇಲೆ ಫಲಾನುಭವಿಗಳ ಪಟ್ಟಿ ಕೇಳುತ್ತಾರೆ: ಹೆಸರು, ತರಗತಿ, ಸಹಿ. ಜಿಪಿಎಸ್ ಫೋಟೊ ಕೇಳುತ್ತಾರೆ. ಯಾವ ಮಗು ಸಮಾಲೋಚಕಿಯ ಮುಂದೆ ಕೂತಿತ್ತು ಎನ್ನುವ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಮರುದಿನದಿಂದ ಆ ಕೋಣೆಗೆ ಯಾರೂ ಕಾಲಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುತ್ತದೆ. ನಮ್ಮ ಮಕ್ಕಳು ರೋಗಿಗಳಲ್ಲ, ಆದರೂ ವಾದಕ್ಕೆ ಅದನ್ನೇ ಆಧಾರ ಮಾಡಿಕೊಂಡೆ.

ಪಂಚಾಯಿತಿ ಠರಾವಿನಲ್ಲೇ ಒಂದು ಸಾಲು ಸೇರಿಸಿಸಿದೆವು: ಮಕ್ಕಳ ಹೆಸರಾಗಲಿ ಫೋಟೊ ಆಗಲಿ ಬಿಲ್ಲಿನ ಜೊತೆ ಕೇಳತಕ್ಕದ್ದಲ್ಲ, ಮುಖ್ಯ ಶಿಕ್ಷಕರು ದೃಢೀಕರಿಸಿದ ಭೇಟಿ ಪುಸ್ತಕವೇ ಸಾಕು. ಆಡಿಟ್‌ನವರು ಖರ್ಚನ್ನು ಠರಾವಿಗೆ ತಾಳೆ ನೋಡುತ್ತಾರೆ, ಅಲ್ಲಿ ಬರೆದಿದ್ದರೆ ನಮ್ಮ ಬಾಯಿಮಾತು ಬೇಕಾಗುವುದಿಲ್ಲ. ಪುಸ್ತಕದಲ್ಲಿ ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ತರಗತಿವಾರು ಗಂಡು ಎಷ್ಟು ಹೆಣ್ಣು ಎಷ್ಟು, ಇಷ್ಟೇ. ಮಕ್ಕಳ ಟಿಪ್ಪಣಿ ಸಂಕೇತ ಸಂಖ್ಯೆಯಲ್ಲಿ ಆಕೆಯ ಹತ್ತಿರವೇ ಇರುತ್ತದೆ, ನಾನೂ ನೋಡುವುದಿಲ್ಲ. ಫೋಟೊ ಬೇಕೇಬೇಕು ಎಂದವರಿಗೆ ಇಡೀ ತರಗತಿಗೆ ಆಟ ಆಡಿಸುವಾಗಿನದನ್ನು ಕೊಟ್ಟೆವು.

ಗುಟ್ಟಿಗೂ ಮಿತಿ ಉಂಟು. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಲೈಂಗಿಕ ಕಿರುಕುಳ ಗೊತ್ತಾದರೆ ವರದಿ ಮಾಡಲೇಬೇಕು. "ನೀವು ಹೇಳಿದ್ದು ನನ್ನಲ್ಲೇ ಇರತ್ತೆ, ಆದ್ರೆ ನಿಮ್ಗೆ ಯಾರಾದ್ರೂ ನೋವು ಮಾಡ್ತಿದ್ರೆ ಅದನ್ನ ನಿಲ್ಲಿಸೋಕೆ ನಾನು ಹೇಳ್ಬೇಕಾಗತ್ತೆ" ಎಂದು ಆಕೆ ಮೊದಲ ದಿನವೇ ಎಲ್ಲ ತರಗತಿಗಳಲ್ಲಿ ಹೇಳಿದರು.

ನಮ್ಮ ಶಿಕ್ಷಕರಿಗೂ ಹೇಳಿಕೊಡಬೇಕಾಯಿತು. ಗಲಾಟೆ ಮಾಡಿದವನನ್ನು "ಹೋಗು, ಮೇಡಂ ಹತ್ರ ಕಳಿಸ್ತೀನಿ" ಎಂದು ಹೆದರಿಸುವುದು ಶುರುವಾಗಿತ್ತು. ಕೋಣೆಯನ್ನು ಸ್ಟಾಫ್ ರೂಮ್ ಪಕ್ಕದಿಂದ ಗ್ರಂಥಾಲಯದ ಮೂಲೆಗೆ ಬದಲಿಸಿದೆವು. ಬಾಗಿಲು ತೆರೆದೇ ಇರುತ್ತದೆ. ಹೊರಗಿನಿಂದ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. "ನಮ್ ಮಗೂಗೆ ತಲೆ ಸರಿ ಇಲ್ವಾ?" ಎಂದು ಕೇಳುತ್ತ ಬಂದ ತಾಯಂದಿರ ಜೊತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಆಕೆಯೇ ಕೂತು ಮಾತಾಡಿದರು.

ಬೇರೆ ಮುಖ್ಯ ಶಿಕ್ಷಕರು ಕೇಳಿದರೆ ನಾನು ಹೇಳುವುದು ಇಷ್ಟು. ನಿಮ್ಮ ಪಂಚಾಯಿತಿಗೆ ಸ್ವಂತ ತೆರಿಗೆ ಎಷ್ಟು ಬರುತ್ತದೆ ಎಂದು ಮೊದಲು ವಿಚಾರಿಸಿ. ಕಂದಾಯ ವಸೂಲಾಗದ ಕಡೆ ಈ ದಾರಿ ನಡೆಯುವುದಿಲ್ಲ, ಅಂಥ ಊರುಗಳ ಮಕ್ಕಳಿಗೆ ರಾಜ್ಯ ಸರ್ಕಾರವೇ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೊಬ್ಬ ಸಮಾಲೋಚಕರನ್ನು ಕೊಡಬೇಕು. ಅರ್ಜಿಯನ್ನು ಜನವರಿಯಲ್ಲೇ ಕೊಡಿ, ಪಂಚಾಯಿತಿ ಬಜೆಟ್ ಮಾರ್ಚ್‌ನಲ್ಲಿ ಮುಗಿದುಹೋಗುತ್ತದೆ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರೆ ಠರಾವಿನ ದೃಢೀಕೃತ ಪ್ರತಿ ನಿಮ್ಮ ಬೀರುವಿನಲ್ಲಿರಲಿ, ಮೊದಲು ಕೇಳುವುದೇ ಅದನ್ನು.