ಮೊಬೈಲ್, ಬ್ರಾಡ್‌ಬ್ಯಾಂಡ್ ಸೇವೆಯಿಂದ ದುಡ್ಡು ಮಾಡುವುದು ಹೇಗೆ?

ಡೇಟಾ ಹಿಂದಿಗಿಂತ ಎಷ್ಟೋ ಅಗ್ಗವಾಗಿದೆ. ಜನ ಬಳಸುವುದು ಮಾತ್ರ ಏರುತ್ತಲೇ ಇದೆ. ಆದರೂ ಕಂಪನಿಗಳು ಟವರ್ ನಿಲ್ಲಿಸುತ್ತವೆ, ರಸ್ತೆ ಅಗೆದು ಫೈಬರ್ ಹಾಕುತ್ತವೆ. ದುಡ್ಡು ಎಲ್ಲಿಂದ ಬರುತ್ತದೆ? ಜಾಸ್ತಿ ಡೇಟಾ ಮಾರಿದರೆ ಜಾಸ್ತಿ ಲಾಭ ಎಂದು ಹೊರಗಿನಿಂದ ನೋಡಿದವರಿಗೆ ಅನಿಸುತ್ತದೆ. ಒಳಗಿನ ಲೆಕ್ಕವೇ ಬೇರೆ. ಒಮ್ಮೆ ದುಡ್ಡು ಸುರಿದು ಕಟ್ಟಿದ ಜಾಲವನ್ನು ಎಷ್ಟು ಜನ ಹಂಚಿಕೊಳ್ಳುತ್ತಾರೆ, ಅವರು ಎಷ್ಟು ತಿಂಗಳು ನಮ್ಮ ಜೊತೆ ಇರುತ್ತಾರೆ, ಗಳಿಕೆ ನಿಂತಿರುವುದು ಇವೆರಡರ ಮೇಲೆ. ಇಂಥ ಸೇವೆ ಶುರು ಮಾಡುವ ಯೋಚನೆ ಇರುವವರಿಗೆ ಆ ಲೆಕ್ಕ ಗೊತ್ತಿರಲೇಬೇಕು. ಪ್ರತಿ ತಿಂಗಳು ಬಿಲ್ ಕಟ್ಟುವವರಿಗೂ ಗೊತ್ತಿದ್ದರೆ ಒಳ್ಳೆಯದು.

ಹೆಜ್ಜೆ 1: ಮೊದಲು ಖರ್ಚನ್ನು ಬರೆದುಕೊಳ್ಳಿ

ಮೊಬೈಲ್ ಸೇವೆಯಲ್ಲಿ ಶುರುವಿನ ದೊಡ್ಡ ಖರ್ಚು ತರಂಗಾಂತರದ್ದು, ಅಂದರೆ ಫೋನ್‌ಗೂ ಟವರ್‌ಗೂ ನಡುವೆ ಸಿಗ್ನಲ್ ಸಾಗುವ ರೇಡಿಯೊ ಅಲೆಗಳದ್ದು. ಹಲವು ದೇಶಗಳಲ್ಲಿ ಸರ್ಕಾರ ಅದನ್ನು ಹರಾಜಿಗಿಡುತ್ತದೆ, ಕಂಪನಿಗಳು ಪೈಪೋಟಿಗೆ ಬೀಳುತ್ತವೆ. 2000ನೇ ಇಸವಿಯಲ್ಲಿ ಬ್ರಿಟನ್‌ನ 3ಜಿ ಹರಾಜಿನಲ್ಲಿ 5 ಲೈಸೆನ್ಸ್‌ಗಳಿಗೆ ಸುಮಾರು 2,250 ಕೋಟಿ ಪೌಂಡ್ ಬಂತು. ಅದೇ ವರ್ಷ ಜರ್ಮನಿಯಲ್ಲಿ ಬಂದದ್ದು ಸುಮಾರು 5,000 ಕೋಟಿ ಯೂರೊ. ಜರ್ಮನಿಯಲ್ಲಿ ಗೆದ್ದ 6 ಕಂಪನಿಗಳಲ್ಲಿ 2 ಕಂಪನಿಗಳು ತಮ್ಮದೇ 3ಜಿ ಜಾಲವನ್ನು ಕಟ್ಟಿ ಮುಗಿಸಲೇ ಇಲ್ಲ. ಲೈಸೆನ್ಸ್‌ಗೆ ಸುರಿದ ದುಡ್ಡು ಹೋದದ್ದೇ ಬಂತು. ಹರಾಜಿಗೆ ಹೋಗುವ ಮುಂಚೆಯೇ 'ಇದಕ್ಕಿಂತ ಮೇಲೆ ಹೋಗುವುದಿಲ್ಲ' ಎಂಬ ಮಿತಿ ಬರೆದಿಡಬೇಕು, ಅಲ್ಲಿ ಕೂತು ತೀರ್ಮಾನಿಸುವ ವಿಷಯ ಅದಲ್ಲ.

ಯಾವ ತರಂಗಾಂತರ ಸಿಕ್ಕಿತು ಎನ್ನುವುದೂ ಮುಂದಿನ ಖರ್ಚನ್ನು ತೀರ್ಮಾನಿಸುತ್ತದೆ. 700 ಅಥವಾ 900 ಮೆಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಕಡಿಮೆ ಟವರ್ ಸಾಕು. 3,500 ಮೆಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ ಸಿಗುತ್ತದೆ, ಆದರೆ ಹತ್ತಿರ ಹತ್ತಿರ ಟವರ್ ಬೇಕು. ಒಂದೊಂದು ಟವರ್‌ಗೂ ಜಾಗದ ಬಾಡಿಗೆ, ಕರೆಂಟು, ಬ್ಯಾಟರಿ, ಅಲ್ಲಿಂದ ಹೊರಡುವ ಫೈಬರ್ ಎಂದು ಖರ್ಚು ತಿಂಗಳು ತಿಂಗಳು ಬೀಳುತ್ತಲೇ ಇರುತ್ತದೆ.

ಬ್ರಾಡ್‌ಬ್ಯಾಂಡ್‌ನಲ್ಲಿ ದುಬಾರಿ ಎಂದರೆ ಫೈಬರ್ ಅಲ್ಲ, ಅದನ್ನು ಹಾಕಲು ನೆಲ ಅಗೆಯುವ ಕೆಲಸ. ಹಾಗಾಗಿ ಇಲ್ಲಿ ನೋಡಬೇಕಾದ್ದು, ಫೈಬರ್ ಹಾದುಹೋದ ಮನೆಗಳಲ್ಲಿ ಎಷ್ಟು ಮನೆ ಸಂಪರ್ಕ ಪಡೆದವು ಎಂಬುದನ್ನು. 100 ಮನೆಗಳ ಮುಂದೆ ಹಾಕಿ 20 ಮನೆಯವರು ಸೇರಿದರೆ ಒಂದೊಂದು ಮನೆಯ ತಲೆ ಮೇಲೆ 5 ಮನೆಯ ಖರ್ಚು ಬೀಳುತ್ತದೆ. 50 ಮನೆಯವರು ಸೇರಿದರೆ 2 ಮನೆಯದ್ದು. ಫೈಬರ್ ಅದೇ, ಗುಂಡಿಯೂ ಅದೇ. ಅದಕ್ಕೇ ಜಾಣ ಕಂಪನಿಗಳು ಅಗೆಯುವ ಮುಂಚೆಯೇ ಮನೆಮನೆಗೆ ಹೋಗಿ ಹೆಸರು ಬರೆಸಿಕೊಳ್ಳುತ್ತವೆ. ಸಾಕಷ್ಟು ಹೆಸರು ಬಂದ ಮೇಲಷ್ಟೇ ಗುದ್ದಲಿ ಎತ್ತುತ್ತವೆ.

ಹೆಜ್ಜೆ 2: ಒಂದೇ ಲೈನ್ ಅನ್ನು ಹಲವರಿಗೆ ಹಂಚಿ, ಆದರೆ ಅಳೆದು ಹಂಚಿ

ಗ್ರಾಹಕರಿಗೆ ಇದು ಕೇಳಲು ಸರಿ ಕಾಣದಿರಬಹುದು. ಆದರೂ ಇಡೀ ವ್ಯಾಪಾರ ನಡೆಯುವುದೇ ಇದರ ಮೇಲೆ.

ಮನೆಗೆ ಬರುವ ಫೈಬರ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿಗೆ ಜಿಪಾನ್ ಎನ್ನುತ್ತಾರೆ. ಕಂಪನಿಯ ಕಡೆಯ ಒಂದು ಪೋರ್ಟ್‌ನಿಂದ (ಯಂತ್ರದಲ್ಲಿ ಫೈಬರ್ ಸಿಕ್ಕಿಸುವ ಕಿಂಡಿ) ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊರಡುತ್ತದೆ. ದಾರಿಯಲ್ಲಿ ಒಂದು ಪುಟ್ಟ ಸ್ಪ್ಲಿಟರ್ ಆ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಸ್ಪ್ಲಿಟರ್‌ಗೆ ಕರೆಂಟೂ ಬೇಡ. ಈಗ 32 ಮನೆಗೂ 100 ಮೆಗಾಬಿಟ್ ಪ್ಲಾನ್ ಮಾರಿದ್ದೀರಿ ಅಂತಿಟ್ಟುಕೊಳ್ಳಿ. ಮಾರಿದ್ದು 3,200 ಮೆಗಾಬಿಟ್, ಇರುವುದು ಸುಮಾರು 2,500 (ಅಂದರೆ 2.5 ಗಿಗಾಬಿಟ್). ಮೋಸ ಅನಿಸುತ್ತದೆ ಅಲ್ವಾ? ಬಳಕೆಯನ್ನು ಅಳೆದು ನೋಡಿದರೆ ಚಿತ್ರ ಬದಲಾಗುತ್ತದೆ. 4ಕೆ ವಿಡಿಯೊಗೆ 15ರಿಂದ 25 ಮೆಗಾಬಿಟ್ ಸಾಕು. 32 ಮನೆಯವರೂ ಒಂದೇ ಹೊತ್ತಿಗೆ ಕೂತು ನೋಡಿದರೂ 800 ಮೆಗಾಬಿಟ್ ದಾಟುವುದಿಲ್ಲ. ಪೋರ್ಟ್‌ನ ಮೂರನೇ ಒಂದು ಭಾಗವೂ ತುಂಬಲಿಲ್ಲ.

ಆದ್ದರಿಂದ ಹಂಚುವುದು ತಪ್ಪಲ್ಲ. ಅಳೆಯದೆ ಹಂಚುವುದು ತಪ್ಪು. ರಾತ್ರಿ 8ರಿಂದ 11ರ ತನಕದ ಗ್ರಾಫ್ ಅನ್ನು ಪ್ರತಿ ವಾರ ನೋಡಬೇಕು. ಸಂಜೆ ಪೋರ್ಟ್ ಮುಕ್ಕಾಲು ಪಾಲು ತುಂಬಲು ಶುರುವಾದರೆ ಅದನ್ನು ಎರಡಾಗಿ ಒಡೆಯಬೇಕು, ಅಂದರೆ ಅರ್ಧ ಮನೆಗಳನ್ನು ಇನ್ನೊಂದು ಪೋರ್ಟ್‌ಗೆ ಹಾಕಬೇಕು. ತುಂಬಿ ತುಳುಕಿದ ಮೇಲೆ ಒಡೆಯುವ ಕಂಪನಿಗೆ ಅಷ್ಟರಲ್ಲಿ ಗ್ರಾಹಕರು ಹೋಗಿರುತ್ತಾರೆ.

ಹೆಜ್ಜೆ 3: ಹೊರಗಿನಿಂದ ತರುವ ಬ್ಯಾಂಡ್‌ವಿಡ್ತ್‌ನ ಬಿಲ್ ಇಳಿಸಿ

ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿ ದೊಡ್ಡ ಕಂಪನಿಯಿಂದ ಇಂಟರ್‌ನೆಟ್ ಕೊಳ್ಳುತ್ತದೆ. ಆ ಬಿಲ್ ಹಾಕುವ ಒಂದು ರೀತಿಯನ್ನು ಹತ್ತಿರದಿಂದ ನೋಡಿ. ಪ್ರತಿ 5 ನಿಮಿಷಕ್ಕೊಮ್ಮೆ ಲೈನ್‌ನಲ್ಲಿ ಎಷ್ಟು ಹರಿಯಿತೆಂದು ಅಳೆಯುತ್ತಾರೆ. 30 ದಿನಕ್ಕೆ 8,640 ಅಳತೆ ಆಯಿತು. ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ಮೇಲಿನ ಶೇ 5ರಷ್ಟನ್ನು, ಅಂದರೆ 432 ಅಳತೆಗಳನ್ನು ಬಿಟ್ಟುಬಿಡುತ್ತಾರೆ. ಉಳಿದವುಗಳಲ್ಲಿ ಅತಿ ದೊಡ್ಡದು ಯಾವುದೋ ಅದಕ್ಕೆ ಇಡೀ ತಿಂಗಳ ಬಿಲ್.

ಬಿಟ್ಟುಬಿಟ್ಟ ಅಳತೆಗಳನ್ನೆಲ್ಲ ಕೂಡಿದರೆ 36 ಗಂಟೆ. ದಿನಕ್ಕೆ ಒಂದು ಗಂಟೆ ಚಿಲ್ಲರೆ. ಒಂದು ದಿನ ದೊಡ್ಡ ಪಂದ್ಯ ನಡೆದು ಎಲ್ಲರೂ ಒಟ್ಟಿಗೆ ನೋಡಿದರೆ ಹೆದರಬೇಕಿಲ್ಲ. ಪ್ರತಿ ಸಂಜೆ 3 ಗಂಟೆ ಲೈನ್ ತುಂಬಿದರೆ ಮಾತ್ರ ಬಿಲ್ ಏರುತ್ತದೆ. ನಡುರಾತ್ರಿ ಹರಿಯುವ ಡೇಟಾಗೆ ಕಂಪನಿ ಹೊಸದಾಗಿ ಏನೂ ಕೊಡಬೇಕಿಲ್ಲ. ರಾತ್ರಿ ಪುಕ್ಕಟೆ ಡೇಟಾ ಕೊಡುವ ಪ್ಲಾನ್‌ಗಳ ಗುಟ್ಟು ಇದೇ. ಖಾಲಿ ಹೊರಟ ಬಸ್ಸಿನ ಸೀಟಿನಂತೆ, ಬಳಸದೆ ಹೋದ ಆ ಹೊತ್ತಿನ ಸಾಮರ್ಥ್ಯ ಮರುದಿನಕ್ಕೆ ಉಳಿಯುವುದಿಲ್ಲ.

ಬಿಲ್ ಇಳಿಸಲು ಇನ್ನೂ ದಾರಿಗಳಿವೆ. ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಜನ ಹೆಚ್ಚು ನೋಡುವ ವಿಡಿಯೊಗಳನ್ನು ತುಂಬಿಟ್ಟ ಸರ್ವರ್ ಪೆಟ್ಟಿಗೆಗಳನ್ನು, ಸಾಕಷ್ಟು ಟ್ರಾಫಿಕ್ ಇರುವ ಸೇವಾದಾರರಿಗೆ ಪುಕ್ಕಟೆಯಾಗಿ ಕೊಡುತ್ತವೆ. ಪೆಟ್ಟಿಗೆ ನಿಮ್ಮ ಜಾಲದೊಳಗೇ ಕೂತರೆ ಆ ವಿಡಿಯೊ ದೂರದಿಂದ ಬರಬೇಕಿಲ್ಲ. ಇಂಟರ್‌ನೆಟ್ ಎಕ್ಸ್‌ಚೇಂಜ್‌ಗೆ, ಅಂದರೆ ಹಲವು ಕಂಪನಿಗಳ ಜಾಲಗಳು ಬಂದು ಕೂಡುವ ಜಾಗಕ್ಕೆ, ಸೇರಿ ಬೇರೆ ಜಾಲಗಳೊಂದಿಗೆ ನೇರವಾಗಿ ಡೇಟಾ ಬದಲಿಸಿಕೊಳ್ಳಬಹುದು. ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್‌ನ ಎಕ್ಸ್‌ಚೇಂಜ್‌ಗಳು ಬೆಳೆದದ್ದು ಹಾಗೆಯೇ.

ಹೆಜ್ಜೆ 4: ಪ್ಲಾನ್ ಕಡಿಮೆ ಇರಲಿ, ಅರ್ಥವಾಗುವಂತಿರಲಿ

ಪ್ರೀಪೇಯ್ಡ್‌ನಲ್ಲಿ ದುಡ್ಡು ಮೊದಲೇ ಬರುತ್ತದೆ, ಬಾಕಿ ವಸೂಲಿಯ ತಲೆನೋವಿಲ್ಲ. ಆದರೆ ಗ್ರಾಹಕ ಯಾವಾಗ ಬೇಕಾದರೂ ಎದ್ದು ಹೋಗಬಹುದು. ಪೋಸ್ಟ್‌ಪೇಯ್ಡ್‌ನಲ್ಲಿ ಗ್ರಾಹಕ ಹೆಚ್ಚು ಕಾಲ ಉಳಿಯುತ್ತಾನೆ, ಕೆಲವರು ಬಿಲ್ ಕಟ್ಟದೆ ಕೈಕೊಡುತ್ತಾರೆ. ಎರಡನ್ನೂ ಇಟ್ಟುಕೊಳ್ಳುವುದು ವಾಡಿಕೆ.

ಬೆಲೆ ಇಡುವಾಗ ಮೂರು ಮೆಟ್ಟಿಲು ಸಾಕು. ಬಹಳಷ್ಟು ಜನ ನಡುವಿನದನ್ನೇ ಆರಿಸುತ್ತಾರೆ, ಲಾಭ ಕೂರಿಸಬೇಕಾದದ್ದು ಅಲ್ಲೇ. ಕೊಂಡ ಡೇಟಾವನ್ನು ಎಲ್ಲರೂ ಮುಗಿಸುವುದಿಲ್ಲ, ಉಳಿದದ್ದು ಕಂಪನಿಯ ಪಾಲಿಗೆ ಲಾಭ. 'ಅನ್‌ಲಿಮಿಟೆಡ್' ಎಂದು ಮಾರಿ ಮಿತಿ ದಾಟಿದ ಮೇಲೆ ವೇಗ ಇಳಿಸುವುದಿದ್ದರೆ, ಆ ಮಿತಿಯನ್ನು ಬೆಲೆಯ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸಣ್ಣ ಅಕ್ಷರದಲ್ಲಿ ಅಡಗಿಸಿಟ್ಟ ಷರತ್ತು ಇಂದಲ್ಲ ನಾಳೆ ದೂರಾಗಿ ತಿರುಗಿ ಬರುತ್ತದೆ.

28 ದಿನದ ಪ್ಲಾನ್‌ನ ವಿಷಯವನ್ನೂ ಹೇಳಲೇಬೇಕು. ತಿಂಗಳಿಗೊಂದು ಬಿಲ್ ಎಂದರೆ ವರ್ಷಕ್ಕೆ 12. ನಾಲ್ಕು ವಾರಕ್ಕೊಂದು ಎಂದರೆ 13. ಬೆಲೆಯ ಹಲಗೆ ಮುಟ್ಟದೆಯೇ ವರ್ಷದ ಆದಾಯ ಶೇ 8ರಷ್ಟು ಏರಿತು! ಇಟಲಿಯ ಕಂಪನಿಗಳು ಹೀಗೆ ಮಾಡಿದಾಗ ಜನ ಸಿಟ್ಟಾದರು. 2017ರ ಕೊನೆಯಲ್ಲಿ ಅಲ್ಲಿ ತಿಂಗಳ ಲೆಕ್ಕದಲ್ಲೇ ಬಿಲ್ ಹಾಕಬೇಕೆಂಬ ಕಾನೂನು ಬಂತು. ಬೆಲೆ ಏರಿಸಬೇಕಿದ್ದರೆ ಕಾರಣ ಹೇಳಿ ನೇರವಾಗಿ ಏರಿಸಿ. ಕ್ಯಾಲೆಂಡರ್‌ನಲ್ಲಿ ಕದ್ದ ಎರಡು ದಿನ ನಂಬಿಕೆಗೆ ಪೆಟ್ಟು ಕೊಡುತ್ತದೆ, ಆ ಪೆಟ್ಟು ಮುಂದಿನ ಹೆಜ್ಜೆಯ ಲೆಕ್ಕದಲ್ಲಿ ಕಾಣುತ್ತದೆ.

ಹೆಜ್ಜೆ 5: ಬಂದವರನ್ನು ಉಳಿಸಿಕೊಳ್ಳಿ

ಈ ಉದ್ಯಮದವರ ಬಾಯಲ್ಲಿ ಸದಾ ಇರುವ ಪದಗಳು ಎರಡು. ಆರ್ಪು ಎಂದರೆ ಒಬ್ಬ ಗ್ರಾಹಕನಿಂದ ಬರುವ ಸರಾಸರಿ ಆದಾಯ. ಚರ್ನ್ ಎಂದರೆ ತಿಂಗಳಿಗೆ ಬಿಟ್ಟು ಹೋಗುವವರ ಪ್ರಮಾಣ. ಪತ್ರಿಕೆಗಳಲ್ಲಿ ಆರ್ಪು ದೊಡ್ಡ ಸುದ್ದಿಯಾಗುತ್ತದೆ. ನನ್ನನ್ನು ಕೇಳಿದರೆ ಕಣ್ಣಿಡಬೇಕಾದದ್ದು ಚರ್ನ್ ಮೇಲೆ.

ತಿಂಗಳಿಗೆ ಶೇ 5 ಜನ ಬಿಟ್ಟು ಹೋದರೆ ಒಬ್ಬ ಗ್ರಾಹಕ ಸರಾಸರಿ 20 ತಿಂಗಳು ಇರುತ್ತಾನೆ. ಶೇ 2 ಜನ ಹೋದರೆ 50 ತಿಂಗಳು. ಹೊಸ ಗ್ರಾಹಕನನ್ನು ತರಲು ಜಾಹೀರಾತು, ಏಜೆಂಟ್ ಕಮಿಷನ್, ರೂಟರ್, ಮನೆಗೆ ಎಳೆಯುವ ಕೇಬಲ್ ಎಲ್ಲ ಸೇರಿ ಅವನಿಂದ 10 ತಿಂಗಳಲ್ಲಿ ಉಳಿಯುವಷ್ಟು ಹಣ ಖರ್ಚಾಯಿತು ಎನ್ನಿ. ಮೊದಲ ಕಂಪನಿಗೆ 10 ತಿಂಗಳ ಲಾಭ ಉಳಿಯಿತು, ಎರಡನೆಯದಕ್ಕೆ 40 ತಿಂಗಳದ್ದು. ಬೆಲೆ ಒಂದೇ, ವೇಗ ಒಂದೇ, ಲಾಭ ಮಾತ್ರ 4 ಪಟ್ಟು.

ಉಳಿಸಿಕೊಳ್ಳುವ ಕೆಲಸ ಆಫರ್‌ಗಳಲ್ಲಿ ಅಲ್ಲ, ಬೀದಿಯ ಕಂಬದ ಬುಡದಲ್ಲಿ ಶುರುವಾಗುತ್ತದೆ. ಫೈಬರ್ ಜೋಡಿಸುವವರ ಪಕ್ಕ ನಿಂತು ಒಮ್ಮೆ ನೋಡಿ. ಒಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಮೇಲಿನ ಪದರ ಸುಲಿದು, ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಕ್ಲೀವರ್‌ನಲ್ಲಿಟ್ಟು ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ. ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ ಪುಟ್ಟ ಪರದೆಯಲ್ಲಿ ಎರಡೂ ದೊಡ್ಡದಾಗಿ ಕಾಣುತ್ತವೆ. ಒಂದು ಕಿಡಿ ಹಾರುತ್ತದೆ, ಗಾಜು ಕರಗಿ ಒಂದಾಗುತ್ತದೆ. ಪರದೆಯ ಮೇಲೆ 0.02 ಡೆಸಿಬಲ್ ಎಂಬಂಥ ಸಂಖ್ಯೆ ಮೂಡುತ್ತದೆ, ಆ ಜೋಡಣೆಯಲ್ಲಿ ಎಷ್ಟು ಬೆಳಕು ಸೋರಿಹೋಗುತ್ತದೆ ಎಂಬ ಅಂದಾಜು ಅದು. ಸಂಖ್ಯೆ ದೊಡ್ಡದಾಗಿ ಬಂದರೆ ಕತ್ತರಿಸಿ ಮತ್ತೆ ಜೋಡಿಸಬೇಕು. ಆತುರಕ್ಕೆ 'ಸಾಕು ಬಿಡು' ಎಂದು ಹಾಗೇ ಮುಚ್ಚಿದ ಜೋಡಣೆ, ಮುಂದೆ ನೆಟ್ ಹೋಗುತ್ತದೆ ಬರುತ್ತದೆ ಎಂಬ ದೂರಾಗುತ್ತದೆ. ತಂತ್ರಜ್ಞರು ಗಾಡಿ ತೆಗೆದುಕೊಂಡು ಒಂದೆರಡು ಸಲ ಆ ಮನೆಗೆ ಓಡಾಡಿದರೆ ಆ ಗ್ರಾಹಕನಿಂದ ಬರುವ ಕೆಲವು ತಿಂಗಳ ಲಾಭ ಅಲ್ಲಿಗೆ ಮುಗಿಯಿತು. ಜೋಡಿಸುವವರಿಗೆ ಸಂಪರ್ಕದ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟರೆ ಅವರು ಅವಸರ ಮಾಡದೆ ಇನ್ನೇನು ಮಾಡಿಯಾರು? ದೂರು ಬಾರದ ಕೆಲಸಕ್ಕೂ ಒಂದಿಷ್ಟು ಜಾಸ್ತಿ ಕೊಡಿ.

ಮೊಬೈಲ್, ಬ್ರಾಡ್‌ಬ್ಯಾಂಡ್, ಟಿವಿ ಮೂರನ್ನೂ ಒಂದೇ ಬಿಲ್‌ನಲ್ಲಿ ಕೊಡುವುದೂ ಉಳಿಸಿಕೊಳ್ಳುವ ಉಪಾಯವೇ. ಒಂದನ್ನು ಬಿಟ್ಟಷ್ಟು ಸುಲಭವಾಗಿ ಮೂರನ್ನೂ ಯಾರೂ ಬಿಡುವುದಿಲ್ಲ.

ಹೆಜ್ಜೆ 6: ಇದ್ದ ಜಾಲವನ್ನೇ ಇನ್ನೊಬ್ಬರಿಗೂ ಮಾರಿ

ಕಚೇರಿ, ಆಸ್ಪತ್ರೆ, ಬ್ಯಾಂಕ್‌ಗಳಿಗೆ ಅಗ್ಗದ ನೆಟ್‌ಗಿಂತ ಕಡಿಯದ ನೆಟ್ ಮುಖ್ಯ. ಹಂಚದೆ ಅವರೊಬ್ಬರಿಗೇ ಕೊಡುವ ಲೀಸ್ಡ್ ಲೈನ್‌ಗೆ ಬೆಲೆ ಹೆಚ್ಚು. ಇಷ್ಟು ಹೊತ್ತಿನೊಳಗೆ ಸರಿಮಾಡುತ್ತೇವೆ ಎಂಬ ಬರಹದ ಭರವಸೆಗೇ ಅವರು ದುಡ್ಡು ಕೊಡುವುದು. ಹಗಲಿಗೆ ಕಚೇರಿ, ಸಂಜೆಗೆ ಮನೆ, ಹೀಗೆ ಇಬ್ಬರೂ ಗ್ರಾಹಕರಾಗಿದ್ದರೆ ಹೊರಗಿನ ಲೈನ್ ದಿನವಿಡೀ ದುಡಿಯುತ್ತದೆ.

ಟವರ್ ಕೂಡ ಹಾಗೆಯೇ. ಒಂದೇ ಟವರ್ ಮೇಲೆ ಎರಡನೇ ಕಂಪನಿ ಆಂಟೆನಾ ಕಟ್ಟಿ ಬಾಡಿಗೆ ಕೊಟ್ಟರೆ ಹೊಸ ಖರ್ಚು ತೀರಾ ಕಡಿಮೆ. ಅಮೆರಿಕನ್ ಟವರ್, ಯುರೋಪಿನ ಸೆಲ್‌ನೆಕ್ಸ್‌ನಂಥ ಕಂಪನಿಗಳು ಟವರ್ ಬಾಡಿಗೆಯನ್ನೇ ಉದ್ಯಮ ಮಾಡಿಕೊಂಡಿವೆ. ಹಲವು ಮೊಬೈಲ್ ಕಂಪನಿಗಳು ತಮ್ಮ ಟವರ್‌ಗಳನ್ನು ಇಂಥವರಿಗೆ ಮಾರಿ ಸಾಲ ತೀರಿಸಿಕೊಂಡಿವೆ. ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಬರುತ್ತದೆ ನಿಜ, ಆಮೇಲೆ ವರ್ಷಗಟ್ಟಲೆ ಬಾಡಿಗೆ ಕಟ್ಟಬೇಕು. ಮಾರುವ ಮುಂಚೆ ಆ ಎರಡನ್ನೂ ಪಕ್ಕಪಕ್ಕ ಬರೆದು ನೋಡಬೇಕು.

ಟವರ್ರೂ ಇಲ್ಲದೆ, ತರಂಗಾಂತರವೂ ಇಲ್ಲದೆ ಮೊಬೈಲ್ ಕಂಪನಿ ನಡೆಸಬಹುದು! ಬ್ರಿಟನ್‌ನ ವರ್ಜಿನ್ ಮೊಬೈಲ್ 1999ರಲ್ಲಿ ವನ್ ಟು ವನ್ ಎಂಬ ಕಂಪನಿಯ ಜಾಲವನ್ನು ಸಗಟು ದರದಲ್ಲಿ ಕೊಂಡು ತನ್ನ ಹೆಸರಿನಲ್ಲಿ ಮಾರಿತು. ಜಾಲದವರಿಗೆ ಖಾಲಿ ಬಿದ್ದ ಸಾಮರ್ಥ್ಯ ಮಾರಾಟವಾಯಿತು, ವರ್ಜಿನ್‌ಗೆ ಗ್ರಾಹಕರು ಸಿಕ್ಕರು. ಕಡಿಮೆ ಬಂಡವಾಳದವರಿಗೆ ಈ ದಾರಿ ಇಂದಿಗೂ ತೆರೆದಿದೆ.

ಹೆಜ್ಜೆ 7: ಮೇಲೊಂದು ಸೇವೆ ಕಟ್ಟಿ, ಆದರೆ ಅದನ್ನೇ ನಂಬಿ ಕೂರಬೇಡಿ

ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್‌ನ ವೊಡಾಫೋನ್ ಜಾಲದಲ್ಲಿ. ಕರೆಗಳನ್ನು ಜೋಡಿಸಲು ಮೊದಲೇ ಇದ್ದ ಸಿಗ್ನಲ್ ದಾರಿಯಲ್ಲೇ 160 ಅಕ್ಷರ ಹೋಗುತ್ತಿದ್ದುದರಿಂದ ಕಂಪನಿಗಳಿಗೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ವರ್ಷಗಟ್ಟಲೆ ಅದರಿಂದ ಭಾರಿ ಲಾಭ ಬಂತು. 2009ರಲ್ಲಿ ವಾಟ್ಸ್‌ಆ್ಯಪ್ ಶುರುವಾಯಿತು, ಜನ ಎಸ್ಸೆಮ್ಮೆಸ್ ಬಿಟ್ಟು ಅತ್ತ ಹೊರಳಿದರು. 2011ರ ಹೊತ್ತಿಗೆ ನೆದರ್ಲೆಂಡ್ಸ್‌ನ ಕೆಪಿಎನ್ ಕಂಪನಿ, ಇಂಥ ಆ್ಯಪ್ ಬಳಸುವವರಿಂದ ಬೇರೆ ಶುಲ್ಕ ವಸೂಲಿ ಮಾಡಲು ಹೊರಟಿತು. ಜನ ವಿರೋಧಿಸಿದರು, 2012ರಲ್ಲಿ ಹಾಗೆ ಮಾಡದಂತೆ ಅಲ್ಲಿ ಕಾನೂನೇ ಬಂತು.

ಜಪಾನಿನ ಎನ್‌ಟಿಟಿ ಡೊಕೊಮೊ 1999ರಲ್ಲಿ ಐ-ಮೋಡ್ ಎಂಬ ಮೊಬೈಲ್ ಇಂಟರ್‌ನೆಟ್ ಸೇವೆ ಶುರು ಮಾಡಿದಾಗ ಬೇರೆ ದಾರಿ ಹಿಡಿಯಿತು. ಬೇರೆಯವರ ಸೇವೆಗಳಿಗೆ ತನ್ನ ಬಿಲ್‌ನಲ್ಲೇ ಹಣ ವಸೂಲಿ ಮಾಡಿಕೊಟ್ಟು ಶೇ 9ರಷ್ಟು ಕಮಿಷನ್ ಮಾತ್ರ ಇಟ್ಟುಕೊಂಡಿತು. ಪಾಲು ಚಿಕ್ಕದಾದ್ದರಿಂದ ಸೇವೆ ಕೊಡುವವರು ಮುಗಿಬಿದ್ದು ಬಂದರು, ಜನ ಡೇಟಾ ಜಾಸ್ತಿ ಬಳಸಿದರು.

ನನಗೆ ಬಹಳ ಇಷ್ಟವಾಗುವ ಉದಾಹರಣೆ ಕೆನ್ಯಾದ್ದು. ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ 2007ರಲ್ಲಿ ಎಂ-ಪೆಸಾ ಎಂಬ ಸೇವೆ ತಂದಿತು. ಬ್ಯಾಂಕ್ ಖಾತೆ ಇಲ್ಲದವರೂ ಮೊಬೈಲ್‌ನಿಂದ ದುಡ್ಡು ಕಳಿಸಲು ಶುರು ಮಾಡಿದರು. ಕಳಿಸುವಾಗ, ನಗದು ತೆಗೆಯುವಾಗ ಸಣ್ಣ ಶುಲ್ಕ. ರೀಚಾರ್ಜ್ ಕೂಡ ಅದರಲ್ಲೇ ಆದ್ದರಿಂದ ಅಂಗಡಿಗೆ ಕೊಡುವ ಕಮಿಷನ್ ಉಳಿಯಿತು. ದುಡ್ಡು ಇರುವ ಸಿಮ್ ಅನ್ನು ಜನ ಸುಮ್ನೆ ಬಿಸಾಡುವುದಿಲ್ಲ, ಹಾಗಾಗಿ ಚರ್ನ್ ಇಳಿಯಿತು. ಜನರಿಗೆ ನಿಜವಾಗಿ ಬೇಕಿದ್ದ ಒಂದು ಕೆಲಸ ಹಿಡಿದದ್ದಕ್ಕೆ ಇಷ್ಟೂ ಕಡೆ ಫಲ ಸಿಕ್ಕಿತು.

ಹೆಜ್ಜೆ 8: ಮುಂದಿನ ಬೀದಿಗೆ ಹೋಗುವ ಮುಂಚೆ

ಒಂದು ಬೀದಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಫೈಬರ್ ಎಷ್ಟು ಮನೆಗಳ ಮುಂದೆ ಹಾದುಹೋಗಿದೆ, ಎಷ್ಟು ಮನೆ ಸೇರಿದವು, ತಿಂಗಳಿಗೆ ಎಷ್ಟು ಮನೆ ಬಿಟ್ಟವು, ಸಂಜೆ ಪೋರ್ಟ್ ಎಷ್ಟು ತುಂಬಿತು, ಎಷ್ಟು ಸಲ ದೂರಿಗೆ ಓಡಬೇಕಾಯಿತು. ಸೇರಿದವರು ಕಡಿಮೆ ಇದ್ದರೆ ಅಗೆಯುವುದನ್ನು ನಿಲ್ಲಿಸಿ, ಅದೇ ಬೀದಿಯ ಉಳಿದ ಬಾಗಿಲು ತಟ್ಟಿ. ಬಿಟ್ಟವರು ಜಾಸ್ತಿ ಇದ್ದರೆ ಹೊಸಬರಿಗೆ ಆಫರ್ ಕೊಡುವ ಹಣವನ್ನು ಹಳಬರ ದೂರು ಸರಿಮಾಡಲು ಹಾಕಿ. ಬಿಟ್ಟು ಹೋದವರಲ್ಲಿ ಕೆಲವರಿಗೆ ಕಂಪನಿಯ ಯಜಮಾನರೇ ಫೋನ್ ಮಾಡಿ ಕಾರಣ ಕೇಳಲಿ, ಕಾಲ್ ಸೆಂಟರ್‌ಗೆ ಬಿಡುವುದು ಬೇಡ.