ಮೆಣಸಿನಕಾಯಿ ಗಿಡದ ಫೋಟೊ ಗ್ರೂಪಿಗೆ ಹಾಕುವ ಮುಂಚೆ

ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವ ಫೋಟೊ ಎಷ್ಟೋ ಸಲ ಮಸುಕಾಗಿರುತ್ತದೆ. "ಇದು ಯಾವ ರೋಗ?" ಅಂತ ಕೇಳಿದರೆ ಯಾರು ತಾನೇ ಏನು ಹೇಳಬೇಕು?

ನಮ್ಮ ರಾಯಚೂರಿನ ಮಧ್ಯಾಹ್ನದ ಬಿಸಿಲಲ್ಲಿ ಫೋಟೊ ತೆಗೆಯಬೇಡಿ. ಎಲೆ ಬೆಳ್ಳಗೆ ಹೊಳೆದು ಚುಕ್ಕೆ, ಹುಳ ಏನೂ ಕಾಣುವುದಿಲ್ಲ. ಬೆಳಿಗ್ಗೆ ಒಳ್ಳೆಯದು. ಮಧ್ಯಾಹ್ನವೇ ತೆಗೆಯಬೇಕಾದರೆ ನಿಮ್ಮ ನೆರಳು ಎಲೆಯ ಮೇಲೆ ಪೂರ್ತಿ ಬೀಳುವ ಹಾಗೆ ನಿಲ್ಲಿ. ಅರ್ಧ ಬಿಸಿಲು, ಅರ್ಧ ನೆರಳು ಮಾತ್ರ ಬೇಡ.

ಮೊದಲು ಲೆನ್ಸ್ ಒರೆಸಿ. ಫೋನನ್ನು ತೀರಾ ಹತ್ತಿರ ಹಿಡಿದರೆ ಫೋಕಸ್ ಆಗುವುದಿಲ್ಲ. ಒಂದು ಗೇಣು ದೂರ ಹಿಡಿದು, ಪರದೆಯಲ್ಲಿ ಕಾಣುವ ಎಲೆಯನ್ನು ಬೆರಳಿಂದ ಮುಟ್ಟಿ, ಆಮೇಲೆ ಕ್ಲಿಕ್ ಮಾಡಿ. ಗಾಳಿ ಜಾಸ್ತಿ ಇದ್ದರೆ ಎಲೆಯ ಹಿಂದೆ ಅಂಗೈ ಕೊಡಿ.

ಒಂದೇ ಫೋಟೊ ಸಾಲದು. ಇಡೀ ಗಿಡದ್ದು, ಎಲೆಯ ಮೇಲ್ಭಾಗದ್ದು, ಕೆಳಭಾಗದ್ದು ಬೇಕು. ಕೆಳಭಾಗವನ್ನು ಮರೆಯಲೇಬೇಡಿ. ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಮೈಟ್ ಅಂದರೆ ನುಸಿ, ಬಿಳಿ ನೊಣ ಹೆಚ್ಚಾಗಿ ಅಡಗಿರುವುದೇ ಅಲ್ಲಿ. ಎಲೆ ಮುದುಡಿದ್ದರೆ ಪಕ್ಕದಿಂದಲೂ ಒಂದು ತೆಗೆಯಿರಿ. ಥ್ರಿಪ್ಸ್ ಇದ್ದರೆ ಅಂಚು ದೋಣಿಯ ಹಾಗೆ ಮೇಲಕ್ಕೆ ಮಡಚುತ್ತದೆ. ಮೈಟ್ ಇದ್ದರೆ ಕೆಳಕ್ಕೆ. ಎರಡಕ್ಕೂ ಔಷಧಿ ಬೇರೆ ಅಲ್ವಾ? ತಪ್ಪಿದರೆ ಸುಮ್ನೆ ದುಡ್ಡು ಹಾಳು.

ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಹಾಗಾಗಿ ಎಚ್‌ಡಿ ಒತ್ತಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಹಾಕಿ. ಕೆಳಗೆ ಊರು, ನಾಟಿ ಮಾಡಿ ಎಷ್ಟು ದಿನವಾಯಿತು, ಕೊನೆಗೆ ಯಾವ ಔಷಧಿ ಹೊಡೆದಿರಿ ಅಂತ ಬರೆಯಿರಿ. ದಯವಿಟ್ಟು ವಾಯ್ಸ್ ಮೆಸೇಜ್ ಬೇಡ, ಆಮೇಲೆ ಹುಡುಕಲು ಆಗುವುದಿಲ್ಲ.